ಮೂವತ್ತೇಳು ಬಿಲ್ಲೆಗಳು

ಸಂದೇಶದಲ್ಲಿ ಇದ್ದದ್ದು ಮೂರೇ ಸಾಲು. 'ಇವತ್ತು ಹನ್ನೊಂದಕ್ಕೆ ಬರ್ತೀನಿ. ಒಬ್ಬಳೇ ಬರ್ತೀನಿ. ಮೂರನೇ ಬ್ಯಾಚಿನ ವಿಷಯ ಮಾತಾಡಬೇಕು.' ಒಲೆಯ ಮೇಲಿನ ಹಾಲು ಉಕ್ಕುವುದಕ್ಕೆ ಇನ್ನೂ ಅರ್ಧ ನಿಮಿಷವಿತ್ತು. ಅಷ್ಟರಲ್ಲಿ ಅವಳು ಅದನ್ನು ಏಳೆಂಟು ಸಲ ಓದಿದಳು. ಕಳಿಸಿದವಳು ಕಂಪನಿಯ ಇಂಜಿನಿಯರ್, ಎರಡು ವರ್ಷದಿಂದ ಗೊತ್ತಿದ್ದವಳು, ಮೀಟಿಂಗಿನಲ್ಲಿ ಎದುರಿಗೆ ಕೂತು ಪೆನ್ಸಿಲಿನ ತುದಿ ಕಚ್ಚುತ್ತಿರುವವಳು. ಕಂಪನಿಯವರು ಯಾವತ್ತೂ ಒಬ್ಬೊಬ್ಬರೇ ಬಂದವರಲ್ಲ. ಇಬ್ಬರು ಬರುತ್ತಿದ್ದರು, ಒಬ್ಬರು ಮಾತಾಡಲು, ಇನ್ನೊಬ್ಬರು ಬರೆದುಕೊಳ್ಳಲು. ಒಬ್ಬಳೇ ಬರುತ್ತಾಳೆಂದರೆ ಬರೆದುಕೊಳ್ಳಬಾರದ್ದು ಏನೋ ಇದೆ. ಅಥವಾ ಬರೆದುಕೊಂಡು ಆಗಿದೆ. 'ಹಾಲು' ಎಂದ ಗಂಡ ಬಾಗಿಲಲ್ಲಿ ನಿಂತು. ಅವಳು ತಿರುಗುವಷ್ಟರಲ್ಲಿ ಹಾಲು ಪಾತ್ರೆಯ ಅಂಚು ದಾಟಿ ಬೆಂಕಿಯ ಮೇಲೆ ಸುರಿದಿತ್ತು. ಗಂಡ ಕನ್ನಡಕದಂಗಡಿಯವನು, ಮನುಷ್ಯರನ್ನು ನೋಡುವಾಗ ಮೊದಲು ಅವರ ಕಣ್ಣು ನೋಡುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಒದ್ದೆ ಬಟ್ಟೆ ಹಿಡಿದು ಒಲೆ ಒರೆಸುತ್ತ, 'ಯಾಕೆ, ಕಣ್ಣು ನೆಟ್ಟಗೆ ನಿಲ್ತಿಲ್ಲ ನಿಂದು' ಎಂದ. 'ಕಂಪನಿಯವರು ಬರ್ತಾರಂತೆ' ಎಂದಳು. 'ಬರಲಿ ಬಿಡು, ಅವರೇನು ನಿನ್ನ ನುಂಗಿಹಾಕ್ತಾರಾ.' ಅವಳು ನಗಬೇಕಾಗಿತ್ತು, ನಕ್ಕಳು. ಆ ನಗೆ ಮುಖದ ಮೇಲೆ ಎಷ್ಟು ಹೊತ್ತು ಇರಬೇಕೆಂದು ತಿಳಿಯದೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಉಳಿಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೂರನೇ ಬ್ಯಾಚು ಎಂದರೆ ಏನೆಂದು ಈ ಬಸ್ಸಿನಲ್ಲಿ ಅವಳೊಬ್ಬಳಿಗೇ ಗೊತ್ತು ಎಂಬುದು ಅವಳಿಗೆ ಸಮಾಧಾನವನ್ನೂ ಕೊಟ್ಟಿತು, ಉಸಿರು ಕಟ್ಟುವಂತೆಯೂ ಮಾಡಿತು. ಬೆರಳಿನ ಉಗುರಿನಷ್ಟು ಅಗಲದ ಪಿಂಗಾಣಿಯ ಬಿಲ್ಲೆ, ಅದರ ಮೇಲೆ ಎಳ್ಳಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ಚಿಪ್ಪು, ಎರಡರ ನಡುವೆ ಕೂದಲೆಳೆಯಷ್ಟು ದಪ್ಪಕ್ಕೆ ಬಳಿದು ಬೇಯಿಸಿದ ಬೆಳ್ಳಿಯ ಅಂಟು. ಹಿಂದೆಲ್ಲ ಈ ಕೆಲಸಕ್ಕೆ ಸೀಸ ಬೆರೆಸಿದ ಬೆಸುಗೆ ಸಾಕಾಗುತ್ತಿತ್ತು. ಸೀಸ ಬೇಡ ಎಂದಾದ ಮೇಲೆ ಕಂಪನಿಯವರು ಬೆಳ್ಳಿಯ ಅಂಟು ಮಾಡಲು ಹೊರಟರು, ಮಾಡಿದರು, ಅದು ಕೆಲವು ಸಲ ಹಿಡಿಯಿತು, ಕೆಲವು ಸಲ ಬಿಟ್ಟಿತು, ಯಾಕೆ ಬಿಟ್ಟಿತೆಂದು ಅವರಿಗೆ ತಿಳಿಯಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕುಲುಮೆಗಳಿದ್ದವು, ಒಳಗನ್ನು ನೋಡಬಲ್ಲ ಯಂತ್ರಗಳಿದ್ದವು, ಮತ್ತು ಯಾಕೆ ಎಂದು ಕೇಳುತ್ತ ವರ್ಷಗಟ್ಟಲೆ ಕೂರಬಲ್ಲ ಅವಳಂಥವರಿದ್ದರು. ನಾಲ್ಕು ವರ್ಷದ ಹಿಂದೆ ಒಪ್ಪಂದವಾಗಿ ಎರಡೂ ಕಡೆಯ ದೊಡ್ಡವರು ಕೈ ಕುಲುಕಿ ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ಅವಳೂ ಇದ್ದಾಳೆ, ಬಲತುದಿಯಲ್ಲಿ, ಅರ್ಧ. ಚೌಕಟ್ಟು ಹಾಕಿಸುವಾಗ ಅವಳ ಬಲಭುಜದವರೆಗೆ ಮಾತ್ರ ಉಳಿಸಿಕೊಂಡಿದ್ದಾರೆ. ಜಂಟಿ ಕೇಂದ್ರದ ಹೊಸ ಕಟ್ಟಡದಲ್ಲಿ ಮೆಟ್ಟಿಲು ಹತ್ತುವಾಗೆಲ್ಲ ತನ್ನ ಭುಜವನ್ನು ತಾನೇ ನೋಡುತ್ತಾಳೆ. ವಿದ್ಯಾರ್ಥಿಗಳು ಅವಳನ್ನು ಕುಲುಮೆ ಮೇಡಂ ಎನ್ನುತ್ತಾರೆ. ಅದು ಪ್ರೀತಿಯೋ ಗೇಲಿಯೋ ಎಂದು ಹನ್ನೊಂದು ವರ್ಷದಿಂದ ಅವಳಿಗೆ ಬಗೆಹರಿದಿಲ್ಲ.

ಆರು ತಿಂಗಳ ಹಿಂದೆ ಮೂರನೇ ಬ್ಯಾಚಿನ ನಲವತ್ತು ಬಿಲ್ಲೆಗಳು ಅವಳ ಕೈಗೆ ಬಂದವು. ಇನ್ನು ನಲವತ್ತನ್ನು ಕಂಪನಿ ಪರೀಕ್ಷೆಗೆಂದು ತನ್ನಲ್ಲೇ ಇಟ್ಟುಕೊಂಡಿತು. ಎರಡೂ ಕಡೆ ಒಂದೇ ಪರೀಕ್ಷೆ: ಸುಡುವ ಬಿಸಿಗೆ ಒಯ್ಯುವುದು, ಕೊರೆಯುವ ಚಳಿಗೆ ಇಳಿಸುವುದು, ಹೀಗೆ ಸಾವಿರ ಸಲ. ಇಬ್ಬರೂ ಬೇರೆ ಬೇರೆ ನೋಡಿ, ಆಮೇಲೆ ಕೂಡಿಸಿ ನೋಡಬೇಕೆಂಬುದು ಒಪ್ಪಂದದಲ್ಲೇ ಇತ್ತು. ಸಾವಿರ ಸಲ ಮುಗಿದ ದಿನ ಅವಳು ಒಂದೊಂದಕ್ಕೂ ವಿದ್ಯುತ್ತು ಹಾಯಿಸಿ ನೋಡಿದಳು. ಮೂವತ್ತೇಳು ಸರಿಯಾಗಿದ್ದವು. ಮೂರು ಸತ್ತಿದ್ದವು. ಆ ಮೂರನ್ನು ನೀರಿನ ತೊಟ್ಟಿಯಲ್ಲಿಟ್ಟು ಶಬ್ದದ ಅಲೆ ಹಾಯಿಸಿ ಒಳಗನ್ನು ತೋರಿಸುವ ಯಂತ್ರದಲ್ಲಿ ನೋಡಿದಾಗ, ಕಪ್ಪಗೆ ಒಂದೇ ಸಮನಾಗಿರಬೇಕಾದ ಅಂಟಿನ ಪದರದಲ್ಲಿ ಬಿಳಿಯ ದ್ವೀಪಗಳು ಕಾಣಿಸಿದವು. ಅಂಟು ಬಿಟ್ಟ ಜಾಗಗಳು. ವಿಭಾಗದ ಮುಖ್ಯಸ್ಥರಿಗೆ ತೋರಿಸಿದಳು. ಅವರಿಗೆ ಆಯ್ತುಬಿಡಿ ಸಾಹೇಬರು ಎಂದು ಹೆಸರು. ಯಾವ ತಾಪತ್ರಯವನ್ನು ಮುಂದಿಟ್ಟರೂ 'ಆಯ್ತು ಬಿಡಿ' ಎಂದು ಕೈ ಆಡಿಸಿ ಮುಗಿಸುವವರು, ಕೆಟ್ಟವರಲ್ಲ, ಯಾರಿಗೂ ಕೇಡು ಬಗೆದವರಲ್ಲ. ಅವರು ಚಿತ್ರ ನೋಡಿದರು, ಅವಳನ್ನು ನೋಡಿದರು. 'ಕಂಪನಿ ವರದಿ ನಿನ್ನೆ ಬಂತಲ್ಲ. ಅವರಲ್ಲಿ ಒಡೆದದ್ದು ಸೊನ್ನೆ. ನಿಮ್ಮಲ್ಲಿ ಮೂರು. ಬ್ಯಾಚು ಒಂದೇ, ಪರೀಕ್ಷೆ ಒಂದೇ. ವ್ಯತ್ಯಾಸ ಎಲ್ಲಿಂದ ಬಂತು, ನೀವೇ ಯೋಚನೆ ಮಾಡಿ' ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅವರ ದೃಷ್ಟಿ ಮಾತ್ರ ಒಂದು ಕ್ಷಣ ಅವಳ ಕೈಗಳ ಮೇಲೆ ಬಿದ್ದು ಸರಿಯಿತು.

ಆ ಕೈಗಳ ಕಥೆ ಅವರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಎಂಟು ವರ್ಷದ ಹಿಂದೆ, ತುಂಬಿದ ಸಭೆಯಲ್ಲಿ, ತಾನು ಕಂಡುಹಿಡಿದೆನೆಂದು ಅವಳು ವಿವರಿಸುತ್ತಿದ್ದ ಅಳತೆಯ ವಿಚಿತ್ರವಾದೊಂದು ಏರಿಳಿತ ಕೊನೆಗೆ ಅವಳೇ ಸಡಿಲ ಬಿಟ್ಟ ಒಂದು ವೈರು ಎಂದು ಎದ್ದುನಿಂತ ಮುದುಕರೊಬ್ಬರು ತೋರಿಸಿಕೊಟ್ಟಿದ್ದರು. ಯಾರೂ ಜೋರಾಗಿ ನಗಲಿಲ್ಲ. ಜೋರಾಗಿ ನಕ್ಕಿದ್ದರೆ ಮರೆಯಬಹುದಿತ್ತು. ಕುರ್ಚಿಗಳು ಕಿರುಗುಟ್ಟಿದವು, ಯಾರೋ ಕೆಮ್ಮಿದರು, ಮುಂದಿನ ಸಾಲಿನವರು ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಅಂದಿನಿಂದ ಅವಳಿಗೆ ಯಾವ ಅಳತೆ ತೆಗೆದರೂ ಮೊದಲು ತನ್ನ ಮೇಲೇ ಅನುಮಾನ. ಬಾಗಿಲು ಸರಿಯಾಗಿ ಹಾಕಿದೆನೆ, ಮುಳ್ಳು ಸರಿಯಾಗಿ ಓದಿದೆನೆ. ಮೂರನೇ ಬ್ಯಾಚಿನ ಪರೀಕ್ಷೆಯ ನಡುವೆ ಒಂದು ಮಧ್ಯಾಹ್ನ ಹತ್ತು ನಿಮಿಷ ಕರೆಂಟು ಹೋಗಿತ್ತು. ಅದೇ ಇರಬೇಕು, ಆ ಹತ್ತು ನಿಮಿಷದಲ್ಲೇ ಈ ಮೂರು ಕೆಟ್ಟಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಉಳಿದ ಮೂವತ್ತೇಳೂ ಅದೇ ಪರೀಕ್ಷೆಯ ಪೆಟ್ಟಿಗೆಯಲ್ಲಿ ಅದೇ ಹತ್ತು ನಿಮಿಷ ಇದ್ದವಲ್ಲ ಎಂಬ ಪ್ರಶ್ನೆ ಬಂತು, ಅದನ್ನು ನಿಲ್ಲಗೊಡಲಿಲ್ಲ. ವರದಿಯಲ್ಲಿ, ಪರೀಕ್ಷಿಸಿದ ಬಿಲ್ಲೆಗಳು ಮೂವತ್ತೇಳು, ಒಡೆದವು ಸೊನ್ನೆ ಎಂದು ಬರೆದಳು. ಸುಳ್ಳು ಒಂದಕ್ಷರವೂ ಇರಲಿಲ್ಲ ಎಂದು ಅವಳು ಎಷ್ಟೋ ಸಲ ಎಣಿಸಿ ನೋಡಿದ್ದಾಳೆ. ಸತ್ತ ಮೂರು ಬಿಲ್ಲೆಗಳನ್ನು ಹಳೆಯ ಪೆನ್ಸಿಲ್ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು ಮೇಜಿನ ಕೆಳಗಿನ ಖಾನೆಗೆ ತಳ್ಳಿದಳು. ಬಿಸಾಡಲು ಮನಸ್ಸು ಬರಲಿಲ್ಲ. ಅದನ್ನೇ ಪ್ರಾಮಾಣಿಕತೆ ಅಂದುಕೊಂಡಿದ್ದಳು.

ಒಂಬತ್ತೂಕಾಲಿಗೆ ಕೇಂದ್ರದ ಬಾಗಿಲಲ್ಲಿ ಕಾರ್ಡು ಮುಟ್ಟಿಸಿದಳು. ಕೆಂಪು ದೀಪ ಬಂತು. ತೆಗೆದುಹಾಕಿದ್ದಾರೆ, ಗೊತ್ತಾಗಿದೆ. ಕಾವಲಿನವನು ತನ್ನ ಗೂಡಿನಿಂದ ತಲೆ ಹೊರಗೆ ಹಾಕಿ, 'ಅದಲ್ಲ ಮೇಡಂ, ಬಸ್ಸಿನ ಕಾರ್ಡದು' ಎಂದ. ಕೈಯಲ್ಲಿದ್ದುದು ನಿಜವಾಗಿಯೂ ಬಸ್ಸಿನ ಪಾಸು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಖಾನೆ ಎಳೆದಳು. ಡಬ್ಬಿ ಇತ್ತು, ಇರದೆ ಎಲ್ಲಿ ಹೋಗುತ್ತದೆ. ಮುಚ್ಚಳ ತೆಗೆದಾಗ ಮೂರೂ ಬಿಲ್ಲೆಗಳು ಹತ್ತಿಯ ಮೇಲೆ ಮಲಗಿದ್ದವು, ಒಂದೊಂದರ ಬೆನ್ನಿನ ಮೇಲೂ ಅವಳದೇ ಅಕ್ಷರದಲ್ಲಿ ನಂಬರು. ಹನ್ನೊಂದು, ಇಪ್ಪತ್ತಾರು, ಮೂವತ್ತನಾಲ್ಕು. ಆಕೆ ಬಂದು ನಿಮ್ಮ ನಲವತ್ತರಲ್ಲಿ ಮೂರು ಎಲ್ಲಿ ಎಂದು ಕೇಳಿದರೆ ಏನು ಹೇಳುವುದು. ಇಲ್ಲ ಎಂದರೆ ಹುಡುಕುತ್ತಾರೆ, ಹುಡುಕಿದರೆ ಸಿಗುತ್ತವೆ, ಸಿಕ್ಕರೆ ಬಚ್ಚಿಟ್ಟದ್ದು ಎನ್ನುತ್ತಾರೆ. ಸಾಗಿಸುವಾಗ ಕೈಜಾರಿ ಒಡೆದವು, ಎಸೆದೆ ಅಂದರೆ ಅದು ಬರೀ ಅಜಾಗರೂಕತೆ. ಅಜಾಗರೂಕತೆಯ ಹೆಸರು ಅವಳಿಗೆ ಹೇಗೂ ಇದೆ. ಇದನ್ನೆಲ್ಲ ತಾನೇ ಯೋಚಿಸುತ್ತಿದ್ದೇನೆ ಎಂದು ನಂಬಲಾಗದೆ, ಬೇರೆ ಯಾರದೋ ಕಾಲುಗಳ ಮೇಲೆ ನಡೆಯುವವಳಂತೆ ಅವಳು ಡಬ್ಬಿಯನ್ನು ಸೆರಗಿನಡಿ ಹಿಡಿದು ಹೆಂಗಸರ ಪಾಯಿಖಾನೆಗೆ ನಡೆದಳು.

ಮೊದಲನೆಯ ಸಲ ನೀರು ಬಿಟ್ಟಾಗ ಎರಡು ಹೋದವು. ಮೂವತ್ತನಾಲ್ಕು ಹೋಗಲಿಲ್ಲ. ಬಿಳಿಯ ತಳದಲ್ಲಿ ಬಿಳಿಯ ಬಿಲ್ಲೆ, ಅದರ ಮೇಲಿನ ಚಿಪ್ಪು ಮಾತ್ರ ಕಪ್ಪಗೆ, ಕಣ್ಣಿನ ಪಾಪೆಯ ಹಾಗೆ, ಅವಳನ್ನೇ ನೋಡುತ್ತಿತ್ತು. ತೊಟ್ಟಿ ತುಂಬುವವರೆಗೂ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಎರಡನೆಯ ಸಲ ಅದು ಒಂದು ಸುತ್ತು ತಿರುಗಿ ಮತ್ತೆ ಅಲ್ಲೇ ಕೂತಿತು. ಹೊರಗೆ ಬಕೆಟ್ಟಿನ ಸದ್ದು. 'ಯಾರಮ್ಮಾ ಒಳಗೆ? ಹೊಟ್ಟೆ ಕೆಟ್ಟಿದೆಯಾ?' ಎಂದಳು ಕಸ ಗುಡಿಸುವ ಹೆಂಗಸು. 'ಅಲ್ಲ, ನೀರು ಕಮ್ಮಿ ಇದೆ ಇವತ್ತು, ಅದಕ್ಕೆ ಹೇಳಿದೆ.' 'ಆಯ್ತು' ಎಂದು ಒಳಗಿನಿಂದ ಅಂದಳು. ತನ್ನ ಧ್ವನಿ ಯಾವುದೋ ಮಗುವಿನ ಧ್ವನಿಯ ಹಾಗೆ ಕೇಳಿಸಿತು. ಮೂರನೆಯ ಸಲ ನೀರು ಇಳಿದಾಗ ತಳ ಖಾಲಿಯಿತ್ತು. ಖಾಲಿ ಡಬ್ಬಿಯನ್ನು ಮತ್ತೆ ಸೆರಗಿನಡಿ ಸೇರಿಸಿ ಹೊರಗೆ ಬಂದಳು. ಕಸ ಗುಡಿಸುವ ಹೆಂಗಸು ಅವಳ ಮುಖ ನೋಡಿ, ಕನಿಕರದಿಂದ, 'ಬಿಸಿನೀರು ಕುಡೀರಿ' ಎಂದಳು.

ಕಾರಿಡಾರಿನಲ್ಲಿ ಮುಖ್ಯಸ್ಥರು ಎದುರಾದರು. ಒಳ್ಳೆ ಹುರುಪಿನಲ್ಲಿದ್ದರು. 'ನಿಮ್ಮನ್ನೇ ಹುಡುಕ್ತಿದ್ದೆ. ಕಂಪನಿಯವರ ಜೊತೆ ಎರಡನೇ ಒಪ್ಪಂದ ಹತ್ತಿರ ಹತ್ತಿರ ಆದಹಾಗೆ. ನಮ್ಮ ಅಂಟು ಪಾಸಾಗಿಬಿಟ್ಟಿದೆ. ಆಸ್ಪತ್ರೆ ಪಂಪಿಗೆ ಹಾಕಿದ್ದಾರೆ.' ಅವಳಿಗೆ ಅರ್ಥವಾಗಲಿಲ್ಲ. ಮೂರನೇ ಬ್ಯಾಚು ಬೀದಿದೀಪದ ಪೆಟ್ಟಿಗೆಗೆ ಎಂದಲ್ಲವೇ ಮಾತಾಗಿದ್ದು. ಬೀದಿದೀಪವಾದರೆ ಆರುತ್ತದೆ, ಯಾರೋ ಏಣಿ ಹತ್ತಿ ಬದಲಾಯಿಸುತ್ತಾರೆ. ವರದಿ ಬರೆದಾಗಿನಿಂದ ಅವಳು ನಿದ್ದೆ ಮಾಡಿದ್ದು ಆ ಏಣಿಯ ಮೇಲೆ. 'ಯಾವ ಪಂಪು ಸರ್?' 'ಅದೇ, ಹನಿ ಹನಿಯಾಗಿ ಔಷಧ ಒಳಗೆ ಬಿಡುತ್ತಲ್ಲ, ರೋಗಿ ಪಕ್ಕ ನಿಲ್ಲಿಸಿರ್ತಾರೆ. ಮೂವತ್ತು ಪಂಪು ಆಗಲೇ ವಾರ್ಡಿನಲ್ಲಿವೆ, ಪ್ರಯೋಗಕ್ಕೆ. ನಮ್ಮ ವರದಿ ಇತ್ತಲ್ಲ, ಎರಡು ಕಡೆಯಿಂದಲೂ ಸೊನ್ನೆ, ಕಣ್ಣು ಮುಚ್ಚಿ ಒಪ್ಪಿಕೊಂಡರಂತೆ.' ಅವರು ಅವಳ ಭುಜ ತಟ್ಟಿ ಹೋದರು, ಫೋಟೋದಲ್ಲಿ ಉಳಿದಿರುವ ಭುಜವನ್ನೇ. ಅವಳು ಅಲ್ಲಿಯೇ ನಿಂತಳು. ಬೆಳಗಿನಿಂದ ಇದ್ದ ಭಯಕ್ಕೆ ಒಂದು ಆಕಾರವಿತ್ತು: ಕುರ್ಚಿ, ಕೆಲಸ, ಕುರ್ಚಿಗಳ ಕಿರುಗುಟ್ಟುವಿಕೆ. ಈಗ ಅದರ ಕೆಳಗಿನ ನೆಲವೇ ಸರಿದುಹೋಯಿತು. ಮೂವತ್ತು ಹಾಸಿಗೆಗಳು ಸಾಲಾಗಿ ಕಾಣಿಸಿದವು. ಹಾಸಿಗೆಯ ಮೇಲಿದ್ದವರಿಗೆ ಮುಖ ಇರಲಿಲ್ಲ.

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಇಂಜಿನಿಯರ್ ಬಂದಳು. ಮೂವತ್ತು ದಾಟಿರದ ತೆಳ್ಳನೆಯ ಹೆಂಗಸು, ಹೆಗಲಿಗೆ ಎರಡು ಚೀಲ, ಕಣ್ಣಿನ ಕೆಳಗೆ ಕಪ್ಪು. ಕೂರಿ ಎಂದರೂ ಕೂರಲಿಲ್ಲ. 'ಸ್ಟೋರಿಗೆ ಹೋಗೋಣವಾ, ಅಲ್ಲಿ ಯಾರೂ ಬರಲ್ಲ' ಎಂದಳು. ಮಾದರಿಗಳನ್ನಿಡುವ ಆ ಕೋಣೆಯ ಬಾಗಿಲಿಗೆ ಎರಡು ಕಾರ್ಡು ಬೇಕು, ಒಂದು ವಿಶ್ವವಿದ್ಯಾಲಯದ್ದು, ಒಂದು ಕಂಪನಿಯದ್ದು, ಎರಡನ್ನೂ ಒಟ್ಟಿಗೆ ಮುಟ್ಟಿಸಬೇಕು. ಒಬ್ಬರಿಲ್ಲದೆ ಇನ್ನೊಬ್ಬರು ಒಳಗೆ ಹೋಗಬಾರದೆಂದು ಒಪ್ಪಂದ ಬರೆದವರು ಹಾಗೆ ಮಾಡಿಸಿದ್ದರು. ಇಬ್ಬರೂ ಕೈ ಚಾಚಿದರು. ಒಬ್ಬರದು ಮುಂದಾಗಿ ಒಬ್ಬರದು ಹಿಂದಾಗಿ ಎರಡು ಸಲ ತಪ್ಪಿ, ಮೂರನೆಯ ಸಲ ಬಾಗಿಲು ತೆರೆಯಿತು. ಒಳಗೆ ಗಾಳಿಯಂತ್ರ ಗುಂಯ್ಗುಡುತ್ತಿತ್ತು. ಇಂಜಿನಿಯರ್ ಚೀಲದಿಂದ ಬಿಲ್ಲೆ ಕೂರಿಸಿದ ಒಂದು ಹಸಿರು ಸರ್ಕ್ಯೂಟ್ ಹಲಗೆ ತೆಗೆದು ಮೇಜಿನ ಮೇಲಿಟ್ಟಳು, ಅದರ ಪಕ್ಕ ಒಂದು ಚಿತ್ರ. ಕಪ್ಪು ಪದರ, ಅದರಲ್ಲಿ ಬಿಳಿಯ ದ್ವೀಪಗಳು.

'ಆಸ್ಪತ್ರೆಯಿಂದ ಒಂದು ಪಂಪು ವಾಪಸು ಬಂತು. ನಡೀತಾ ನಡೀತಾ ನಿಂತುಬಿಡ್ತಂತೆ. ನರ್ಸು ಪಕ್ಕದಲ್ಲೇ ಇದ್ದರು, ನೋಡಿದರು.'

'ಯಾರಿಗೆ ಹಾಕಿದ್ದು?'

'ಕೇಳಲಿಲ್ಲ. ಧೈರ್ಯ ಬರಲಿಲ್ಲ.' ಆಕೆ ಚಿತ್ರವನ್ನು ಅವಳ ಕಡೆ ತಿರುಗಿಸಿದಳು. 'ಮೇಡಂ, ನಿಮಗೆ ಒಂದು ವಿಷಯ ಹೇಳಬೇಕು. ನಮ್ಮ ನಲವತ್ತರಲ್ಲಿ ಐದು ಒಡೆದಿದ್ದವು.'

ಗಾಳಿಯಂತ್ರದ ಸದ್ದು ಒಮ್ಮೆಗೇ ದೂರ ಹೋದಂತಾಯಿತು. 'ನಿಮ್ಮ ವರದಿಯಲ್ಲಿ ಸೊನ್ನೆ ಅಂತಿತ್ತು' ಎಂದಳು ಅವಳು.

'ಬರೆಯೋಕೆ ಮೊದಲು ನಿಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿದೆ. ನಿಮ್ಮಲ್ಲಿ ಹೇಗಿದೆ ಅಂತ ಕೇಳಿದೆ. ನಮ್ಮಲ್ಲಿ ಎಲ್ಲ ಚೆನ್ನಾಗಿದೆ ಅಂದರು. ಹಾಗಾದರೆ ನಮ್ಮ ಕಡೆ ಅಂಟು ಬಳಿದವನ ಕೈ ಕೆಟ್ಟಿರಬೇಕು ಅಂದುಕೊಂಡೆ. ನಮ್ಮ ಮ್ಯಾನೇಜರೂ ಅದನ್ನೇ ಅಂದರು. ಐದನ್ನು ತೆಗೆದುಹಾಕಿ ಬರೆದೆ. ಆ ಐದೂ ಆವತ್ತೇ ಕಸಕ್ಕೆ ಹೋದವು. ಅಂಟು ಬಳಿಯೋ ಆ ಮುದುಕನಿಗೆ ಬೈದೂ ಬೈದೆ.'

ಅವಳು ಮನಸ್ಸಿನಲ್ಲಿ ದಿನಗಳನ್ನು ಎಣಿಸಿದಳು. ಮುಖ್ಯಸ್ಥರು ಎಲ್ಲ ಚೆನ್ನಾಗಿದೆ ಎಂದ ದಿನ ಅವಳ ನಲವತ್ತು ಬಿಲ್ಲೆಗಳು ಇನ್ನೂ ಪೆಟ್ಟಿಗೆಯೊಳಗೇ ಇದ್ದವು. ಯಾರೂ ನೋಡಿರಲಿಲ್ಲ. ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎನ್ನುವ ಹಾಗೆ ಅವರು ಅದನ್ನು ಹೇಳಿದ್ದರು. ಆ ಮಾತನ್ನು ನಂಬಿ ಕಂಪನಿ ತನ್ನ ಐದನ್ನು ಬಿಸಾಡಿತು. ಕಂಪನಿಯ ಸೊನ್ನೆಯನ್ನು ನಂಬಿ ಅವಳು ತನ್ನ ಮೂರನ್ನು ಮುಚ್ಚಿದಳು. ಪರಸ್ಪರರನ್ನು ಪರೀಕ್ಷಿಸಬೇಕಾದವರು ಪರಸ್ಪರರ ಬೆನ್ನಿಗೆ ಒರಗಿ ನಿಂತಿದ್ದರು.

'ನಂದೊಬ್ಬಳ ಮಾತಾದರೆ ಒಂದು ಪಂಪು, ಒಂದು ಕೆಟ್ಟ ಕೈ ಅಂತಾರೆ' ಎಂದಳು ಇಂಜಿನಿಯರ್. 'ನಿಮ್ಮಲ್ಲೂ ಏನಾದರೂ ಆಗಿದ್ದರೆ... ನೀವು ನಲವತ್ತು ತಗೊಂಡಿದ್ದಿರಿ, ಮೂವತ್ತೇಳು ಅಂತ ಬರೆದಿದ್ದಿರಿ. ನಿನ್ನೆ ವರದಿ ಮತ್ತೆ ಓದುವಾಗ ಕಣ್ಣಿಗೆ ಬಿತ್ತು. ಅದಕ್ಕೇ ಒಬ್ಬಳೇ ಬಂದೆ.'

'ಇಲ್ಲ' ಎಂದಳು ಅವಳು. ಬಾಯಿ ತಾನಾಗಿ ಹೇಳಿತು. 'ಮೂರು ಸಾಗಿಸೋವಾಗ ಬಿದ್ದು ಒಡೆದವು. ಪರೀಕ್ಷೆಗೇ ಹಾಕಲಿಲ್ಲ.'

ಇಂಜಿನಿಯರ್ ತಲೆಯಾಡಿಸಿದಳು. ಅನುಮಾನ ಪಡಲಿಲ್ಲ. ಪಟ್ಟಿದ್ದರೆ ಒಳ್ಳೆಯದಿತ್ತು. 'ಹಾಗಾದರೆ ನಮ್ಮ ಕಡೇದೇ ತಪ್ಪಿರಬೇಕು. ನಾನೇ ಏನೋ ಎಡವಟ್ಟು ಮಾಡಿರಬೇಕು' ಎಂದು ಹಸಿರು ಹಲಗೆಯನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು. ಸುತ್ತುವಾಗ ತನ್ನ ಬೆರಳುಗಳನ್ನು ತಾನೇ ನೋಡಿಕೊಂಡಳು, ಒಂದು ಕ್ಷಣ, ಅಂಗೈ ತಿರುಗಿಸಿ. ಆ ನೋಟ ಅವಳಿಗೆ ಗೊತ್ತಿತ್ತು. ಎಂಟು ವರ್ಷದಿಂದ ಪ್ರತಿ ಬೆಳಗ್ಗೆ ಅವಳು ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದ ನೋಟ ಅದು. ಅದೊಂದು ರೋಗವಾಗಿದ್ದರೆ ಈಗ ತಾನು ಅದನ್ನು ಇನ್ನೊಬ್ಬಳಿಗೆ ಅಂಟಿಸಿದಂತಾಯಿತು. ಮೇಜಿನ ಅಂಚು ಹಿಡಿದುಕೊಂಡಳು.

'ಸುಳ್ಳು ಹೇಳಿದೆ' ಎಂದಳು. 'ಮೂರು ಒಡೆದಿದ್ದವು. ಇದೇ ಥರ, ಇದೇ ಬಿಳಿ. ಬಚ್ಚಿಟ್ಟಿದ್ದೆ.'

ಇಂಜಿನಿಯರಿನ ಕೈ ನಿಂತಿತು. 'ಎಲ್ಲಿ?'

'ಬೆಳಿಗ್ಗೆವರೆಗೂ ಇದ್ದವು. ನೀವು ಬರ್ತೀರಿ ಅಂದಿರಲ್ಲ. ಹೆದರಿಕೊಂಡು ಪಾಯಿಖಾನೆಗೆ ಹಾಕಿ ನೀರು ಬಿಟ್ಟೆ.'

'ಮೂರೂನಾ?'

'ಮೂರೂ.'

ಆಕೆ ಕೂಗಾಡಬಹುದೆಂದು ಅವಳು ಕಾದಳು. ಆಕೆ ಕೂಗಾಡಲಿಲ್ಲ. ಮೊದಲ ಸಲ ಸ್ಟೂಲು ಎಳೆದುಕೊಂಡು ಕೂತಳು, ಎರಡೂ ಅಂಗೈಯಿಂದ ಮುಖ ಒರೆಸಿಕೊಂಡಳು. 'ಉಳಿದ ಮೂವತ್ತೇಳು?' ಎಂದಳು.

ಅವು ಅಲ್ಲೇ ಇದ್ದವು, ಎರಡನೆಯ ಕಪಾಟಿನಲ್ಲಿ, ಸೀಲು ಹಾಕಿದ ತಟ್ಟೆಯಲ್ಲಿ. ಅಂದು ವಿದ್ಯುತ್ತಿನ ಪರೀಕ್ಷೆಯಲ್ಲಿ ಪಾಸಾದವುಗಳನ್ನು ಒಳಗೆ ಇಣುಕಿ ನೋಡುವ ಗೋಜಿಗೆ ಅವಳು ಹೋಗಿರಲಿಲ್ಲ. ಪಾಸಾದದ್ದನ್ನು ಕೆದಕುವವರು ಯಾರು. ಇಬ್ಬರೂ ತಟ್ಟೆಯನ್ನು ಎರಡು ಕಡೆ ಹಿಡಿದುಕೊಂಡು, ಒಡೆಯುವ ಮೊಟ್ಟೆಗಳನ್ನು ಒಯ್ಯುವವರಂತೆ, ಮಹಡಿ ಇಳಿದರು. ಯಂತ್ರದ ತೊಟ್ಟಿಯಲ್ಲಿ ಮೊದಲನೆಯ ಬಿಲ್ಲೆ ಮುಳುಗಿತು. ಪರದೆಯ ಮೇಲೆ ಚಿತ್ರ ಗೆರೆ ಗೆರೆಯಾಗಿ ಮೇಲಿನಿಂದ ಇಳಿಯಿತು, ಪರದೆ ಎಳೆಯುವ ಹಾಗೆ. ಕಪ್ಪು. ಎರಡನೆಯದು, ಕಪ್ಪು. ತಾನು ಏನು ಬಯಸುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ. ಕಪ್ಪಾಗಿಯೇ ಇರಲಿ, ಮೂವತ್ತು ಹಾಸಿಗೆಯವರೂ ನೆಮ್ಮದಿಯಾಗಿರಲಿ ಎಂದೂ ಅನ್ನಿಸಿತು. ಬಿಳಿ ಬರಲಿ, ತನ್ನ ಕೈ ಸರಿಯಿತ್ತು ಎಂದಾಗಲಿ ಎಂದೂ, ಅದರ ಹಿಂದೆಯೇ, ಅನ್ನಿಸಿತು. ಐದನೆಯ ಬಿಲ್ಲೆಯ ಮೂಲೆಯಲ್ಲಿ ಉಗುರಿನ ಗೀರಿನಷ್ಟು ಬಿಳಿ. ಒಂಬತ್ತನೆಯದರಲ್ಲಿ ಎರಡು ಮೂಲೆ. ಇಂಜಿನಿಯರ್ ಪೆನ್ಸಿಲು ಕಚ್ಚುವುದನ್ನು ಮರೆತು ನಂಬರು ಬರೆದುಕೊಳ್ಳುತ್ತಿದ್ದಳು. ಒಂದೂವರೆಯ ಹೊತ್ತಿಗೆ ಮೂವತ್ತೇಳೂ ಮುಗಿದವು. ಹದಿನಾಲ್ಕರಲ್ಲಿ ಬಿಳಿಯಿತ್ತು. ಅವು ಸತ್ತಿರಲಿಲ್ಲ, ಇನ್ನೂ ವಿದ್ಯುತ್ತು ಹಾಯುತ್ತಿತ್ತು, ಕೇಳಿದರೆ ಚೆನ್ನಾಗಿದ್ದೇವೆ ಎನ್ನುತ್ತಿದ್ದವು. ಒಳಗಿನಿಂದ ಬಿಡುತ್ತ ಬರುತ್ತಿದ್ದವು, ಅಷ್ಟೇ.

ಮುಖ್ಯಸ್ಥರು ಚಿತ್ರಗಳನ್ನು ನೋಡಿದಾಗ ಅವರ ಕೈ ಗಾಳಿಯಲ್ಲಿ ಎದ್ದು, ಆಡದೆ, ಹಾಗೇ ಮೇಜಿನ ಮೇಲೆ ಇಳಿಯಿತು. ಫೋನಿನಲ್ಲಿ ತಾವು ಹೇಳಿದ್ದು ಅವರಿಗೆ ನೆನಪೇ ಇರಲಿಲ್ಲ. 'ನಾನಾ? ಯಾವಾಗ?' ಎಂದರು, ನಿಜವಾಗಿಯೂ ದಿಗಿಲುಬಿದ್ದು. ಆಮೇಲೆ ಕಂಪನಿಯ ಮ್ಯಾನೇಜರಿಗೆ ತಾವೇ ಕರೆ ಮಾಡಿದರು. ಆ ಕಡೆಯ ಧ್ವನಿ ಸಮಾಧಾನವಾಗಿಯೇ ಇತ್ತು: ಪಂಪು ವಾಪಸು ತರಿಸಬೇಕಾದರೆ ಸಮಿತಿ ಸೇರಬೇಕು, ಇವತ್ತು ಶುಕ್ರವಾರ, ಸೋಮವಾರ ಬೆಳಗ್ಗೆ ಮೊದಲ ಕೆಲಸ ಇದೇ. 'ಸೋಮವಾರದವರೆಗೆ ತಡೀರಿ' ಎಂದರು ಮುಖ್ಯಸ್ಥರು ಫೋನಿಟ್ಟು. 'ಮೂರು ದಿನದಲ್ಲಿ ಏನಾಗಿಬಿಡುತ್ತೆ.' ಕೇಳಿದ ಮೇಲೆ ಆ ಪ್ರಶ್ನೆ ಅವರಿಗೇ ಕೇಳಿಸಿತು ಎಂದು ಕಾಣುತ್ತದೆ. ಕಿಟಕಿಯ ಕಡೆ ತಿರುಗಿ ನಿಂತರು. ಇಂಜಿನಿಯರ್ ಒಂದು ಚೀಟಿಯ ಮೇಲೆ ವಾರ್ಡಿನ ಫೋನ್ ನಂಬರು ಬರೆದು ಅವಳ ಮುಂದೆ ಸರಿಸಿದಳು. 'ನಾನು ಮಾಡಿದರೆ ಕಂಪನಿ ಪರವಾಗಿ ಮಾಡಿದೆ ಅಂತಾಗುತ್ತೆ, ಅದಕ್ಕೆ ಕಾಗದ ಬೇಕು ಅಂತಾರೆ' ಎಂದಳು ಮೆಲ್ಲಗೆ. 'ಆದರೂ ನಿಮ್ಮಿಂದ ಆಗದಿದ್ದರೆ ಹೇಳಿ, ನಾನೇ ಮಾಡ್ತೀನಿ.' ಅವಳು ಮುಖ್ಯಸ್ಥರ ಮೇಜಿನ ಮೇಲಿನ ಫೋನನ್ನೇ ಎತ್ತಿದಳು. ಅವರು ತಿರುಗಿ ನೋಡಲಿಲ್ಲ. ಬೇಡ ಎನ್ನಲೂ ಇಲ್ಲ.

ಎತ್ತಿಕೊಂಡವರು ವಾರ್ಡಿನ ದೊಡ್ಡ ನರ್ಸು. ಒರಟು ಧ್ವನಿ, ಅವಸರ. ಅವಳು ಹೇಳಬೇಕಾದ್ದನ್ನೆಲ್ಲ ಹೇಳಿದಳು. ನರ್ಸು ವಾದ ಮಾಡಲಿಲ್ಲ. 'ಹೋದ ವಾರ ನಿಂತದ್ದು ನನ್ನ ಕಣ್ಣೆದುರಿಗೇ' ಎಂದರು. 'ನಮ್ಮ ಹುಡುಗಿ ವೈರು ಎಡವಿರಬೇಕು ಅಂತ ಅವಳಿಗೆ ಬೈದೆ. ಲೈನಲ್ಲಿರಿ.' ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ ವಾರ್ಡು ಅವಳ ಕಿವಿಯೊಳಗೆ ಬಂತು: ಚಪ್ಪಲಿಗಳು ದೂರ ಹೋಗುವುದು, ಯಾರೋ ಕೆಮ್ಮುವುದು, ಚಕ್ರದ ಗಾಡಿ, 'ಇದನ್ನ ತೆಗಿ, ಕೈಯಲ್ಲೇ ಹನಿ ಎಣಿಸು' ಎನ್ನುವ ಮಾತು, ಒಂದು ಪಂಪು ಆರಿಸಿದಾಗಿನ ಸಣ್ಣ ಕೂಗು, ಇನ್ನೊಂದು. ಅವಳು ಎಣಿಸಿದಳು. ಹತ್ತರವರೆಗೆ ಬಂದು ನಿಂತಿತು. ನರ್ಸು ವಾಪಸು ಬಂದಾಗ ಏದುಸಿರು ಬಿಡುತ್ತಿದ್ದರು.

'ನಡೀತಿದ್ದದ್ದು ಹನ್ನೊಂದು, ಉಳಿದವು ಕಪಾಟಲ್ಲಿವೆ. ಹತ್ತು ತೆಗೆದೆವು. ಒಂದು ತೆಗೆಯೋಕಾಗಲ್ಲ ಈಗ. ಆ ಔಷಧ ಒಂದು ನಿಮಿಷ ನಿಂತರೂ ರಕ್ತದೊತ್ತಡ ಬಿದ್ದುಹೋಗುತ್ತೆ. ಬೇರೆ ಪಂಪು ಮೇಲಿನ ಮಹಡಿಯಿಂದ ಬರಬೇಕು, ಡಾಕ್ಟರು ಎದುರಿಗಿರಬೇಕು. ಹೇಳಿಕಳಿಸಿದೀನಿ. ನಿಲ್ಲೋಕೆ ಮೊದಲು ಏನಾದ್ರೂ ಗುರುತು ತೋರಿಸುತ್ತಾ?'

'ಇಲ್ಲ. ಹಾಗೇ ನಿಂತುಬಿಡುತ್ತೆ.'

'ಬೀಪ್ ಕೂಡ ಮಾಡಲ್ವಾ?'

'ಬೀಪ್ ಮಾಡಿಸೋದೂ ಅದೇ ಬಿಲ್ಲೆ.'

ನರ್ಸು ಫೋನಿನ ಉದ್ದ ವೈರನ್ನು ಎಳೆದುಕೊಂಡು ಹೋಗಿ ಹಾಸಿಗೆಯ ಪಕ್ಕ ನಿಂತರೆಂದು ಕಾಣುತ್ತದೆ. ಈಗ ಪಂಪಿನ ಸದ್ದು ಹತ್ತಿರದಿಂದ ಕೇಳಿಸಿತು, ಗಡಿಯಾರಕ್ಕಿಂತ ನಿಧಾನ, ಒಂದೊಂದು ಹನಿಗೆ ಒಂದೊಂದು ಮೆತ್ತನೆಯ ಟಕ್. ಪ್ರತಿ ಟಕ್ಕಿನ ನಂತರ ಒಂದು ಬಿಡುವು. ಆ ಬಿಡುವಿನೊಳಗೆ ಅವಳು ಇಳಿಯುತ್ತಿದ್ದಳು, ಮುಂದಿನ ಟಕ್ಕು ಹಿಡಿದೆತ್ತುತ್ತಿತ್ತು, ಮತ್ತೆ ಇಳಿಯುತ್ತಿದ್ದಳು. ಮುಂದೆ ಆ ಬ್ಯಾಚನ್ನೆಲ್ಲ ಕಂಪನಿ ಒಡೆಸಿಹಾಕಲಿತ್ತು. ಅಂಟನ್ನು ಬೇಯಿಸುವ ಹೊತ್ತು ಸಾಲದೆಂದು ಇದೇ ಇಂಜಿನಿಯರ್ ಎರಡು ವರ್ಷದ ಮೇಲೆ ಕಂಡುಹಿಡಿಯಲಿದ್ದಳು. ವಿಚಾರಣೆಯಲ್ಲಿ ಪಾಯಿಖಾನೆಯ ಸಂಗತಿಯನ್ನು ಅವಳು ನಾಲ್ಕು ಜನ ಗಂಡಸರ ಮುಂದೆ ಎರಡು ಸಲ ಹೇಳಬೇಕಾಗಿ ಬಂದು, ಜಂಟಿ ಕೇಂದ್ರದಿಂದ ಅವಳನ್ನು ತೆಗೆದು ಮೊದಲ ವರ್ಷದವರಿಗೆ ಪಾಠ ಮಾಡಲು ಹಾಕಲಿದ್ದರು. ಇದೊಂದೂ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಹೊತ್ತಿಗೆ ಅದು ಬೇರೆ ಯಾರದೋ ಸುದ್ದಿಯಾಗಿರುತ್ತಿತ್ತು. 'ನೀವು ಇಡಿ ಬೇಕಾದ್ರೆ, ನಾನಿದೀನಿ' ಎಂದರು ನರ್ಸು ಒಂದು ಸಲ. 'ಇಲ್ಲ, ಇರ್ತೀನಿ' ಎಂದಳು. ಇಂಜಿನಿಯರ್ ಬಂದು ಅವಳ ಕುರ್ಚಿಯ ಹಿಂದೆ ನಿಂತದ್ದು, ಕಿವಿಯನ್ನು ಫೋನಿನ ಹತ್ತಿರ ತಂದದ್ದು, ಮುಖ್ಯಸ್ಥರು ಕಿಟಕಿ ಬಿಟ್ಟು ಬಂದು ಎದುರಿನ ಕುರ್ಚಿಯ ತುದಿಯಲ್ಲಿ ಕೂತದ್ದು ಯಾವುದೂ ಅವಳ ಗಮನಕ್ಕೆ ಬರಲಿಲ್ಲ. ಇಪ್ಪತ್ತಮೂರು ನಿಮಿಷ. ಒಂದು ಟಕ್ಕು ತಡವಾಯಿತು ಎನ್ನಿಸಿ ಅವಳ ಬಾಯಿಂದ ಒಂದು ಸದ್ದು ಹೊರಟಿತು, ತಡವಾಗಿರಲಿಲ್ಲ. ಆಮೇಲೆ ಬಹಳ ಕಾಲುಗಳು ಒಟ್ಟಿಗೆ ಬಂದವು, ಗಂಡಸಿನ ದನಿ ಏನೋ ಹೇಳಿತು, ಟಕ್ಕು ನಿಂತಿತು, ಏನೂ ಇಲ್ಲ, ಏನೂ ಇಲ್ಲ, ಮತ್ತೆ ಬೇರೊಂದು ಯಂತ್ರದ ಬೇರೆ ತರಹದ ಸದ್ದು ಶುರುವಾಯಿತು.

'ಆಯ್ತು' ಎಂದರು ನರ್ಸು.

'ಹೇಗಿದ್ದಾರೆ?'

'ಯಾರು, ಇವರಾ? ನಿದ್ದೆ. ಇವರಿಗೆ ಏನೂ ಗೊತ್ತಾಗಲಿಲ್ಲ.' ಪುಸ್ತಕದ ಹಾಳೆ ತಿರುಗಿಸಿದ ಸದ್ದು. 'ಈಗ ಇದನ್ನ ಬರೀಬೇಕು. ಯಾರು ಹೇಳಿ ತೆಗೆದಿದ್ದು ಅಂತ ಬರೀಲಿ?'

'ವಿಶ್ವವಿದ್ಯಾಲಯದಿಂದ. ಅದನ್ನ ಪರೀಕ್ಷೆ ಮಾಡಿದವರು ಅಂತ ಬರೀರಿ.'

'ಕಾರಣ? ಪರೀಕ್ಷೆ ತಪ್ಪಾಗಿತ್ತು ಅಂತ ಹಾಕಲಾ?'

'ಇಲ್ಲ' ಎಂದಳು ಅವಳು. 'ಪರೀಕ್ಷೆ ಸರಿಯಾಗಿತ್ತು. ಒಡೆದಿದ್ದು ಆವತ್ತೇ ಕಂಡಿತ್ತು. ಕಂಡಿದ್ದನ್ನ ಹೇಳಿರಲಿಲ್ಲ.'

'ಅಷ್ಟು ಬರೆಯೋಕೆ ಇಲ್ಲಿ ಜಾಗ ಇಲ್ಲಮ್ಮ, ಸಣ್ಣ ಚೌಕ. ಒಂದು ಮಾತಲ್ಲಿ ಹೇಳಿ.'

ಮುಖ್ಯಸ್ಥರು ಎದುರಿಗಿದ್ದರು. ಇಂಜಿನಿಯರಿನ ಉಸಿರು ಅವಳ ಕತ್ತಿಗೆ ತಾಕುತ್ತಿತ್ತು.

'ಮುಚ್ಚಿಟ್ಟಿದ್ದು' ಎಂದಳು.

ಆ ಕಡೆ ಪೆನ್ನು ಒಂದು ಕ್ಷಣ ತಡೆಯಿತು. ಆಮೇಲೆ ಒರಟು ಕಾಗದದ ಮೇಲೆ ಅದು ಓಡುವ ಸದ್ದು ಸ್ಪಷ್ಟವಾಗಿ ಕೇಳಿಸಿತು.